ಕೆರೆ ಸ್ವಚ್ಛತೆಯ ಪೋಸ್ಟರ್ ಹಂಚುವ ಮುನ್ನ ಕಸದ ಗಾಡಿ ಗೊತ್ತುಮಾಡಿಕೊಳ್ಳಿ

ಸೋಮವಾರ ಬೆಳಿಗ್ಗೆ ಕೆರೆ ಏರಿಯ ಮೇಲೆ ಅರವತ್ತಕ್ಕೂ ಹೆಚ್ಚು ಮೂಟೆ ಕಸ ಹಾಗೇ ಬಿದ್ದಿತ್ತು. ಹಿಂದಿನ ದಿನ ಶ್ರಮದಾನದಲ್ಲಿ ಹೆಕ್ಕಿದ್ದೇ ಅದು. ಮೂವತ್ತು ಜನಕ್ಕೆಂದು ಮಾಡಿಕೊಂಡ ಏರ್ಪಾಡಿಗೆ ನೂರೈವತ್ತು ಜನ ಬಂದಿದ್ದರು. ಗಾಡಿಗೆ ಯಾರೂ ಹೇಳಿರಲಿಲ್ಲ. ರಾತ್ರಿ ನಾಯಿಗಳು ಚೀಲ ಹರಿದವು, ಮಳೆ ಸುರಿಯಿತು, ಹೆಕ್ಕಿದ ಪ್ಲಾಸ್ಟಿಕ್ ಮತ್ತೆ ನೀರಿಗೇ ಇಳಿಯಿತು. ಪೋಸ್ಟರ್ ಓಡಾಡಿದ್ದ ವಾಟ್ಸ್ಆ್ಯಪ್ ಗುಂಪುಗಳಲ್ಲೇ ಮಧ್ಯಾಹ್ನದ ಹೊತ್ತಿಗೆ ಆ ಮೂಟೆಗಳ ಫೋಟೊ ಓಡಾಡಿತು. ಅದೇ ಸೋಮವಾರ ಇಬ್ಬರು ಹುಡುಗರು ಗ್ಲೌಸ್ ಹಾಕಿಕೊಂಡು ಏರಿಯ ಮೇಲೆ ಕಾಯುತ್ತಿದ್ದರು. ಪೋಸ್ಟರಿನಲ್ಲಿ ‘ನಾಳೆ ಬೆಳಿಗ್ಗೆ 7ಕ್ಕೆ’ ಎಂದಷ್ಟೇ ಇತ್ತು, ಅವರಿಗೆ ಅದು ತಲುಪಿದ್ದು ಭಾನುವಾರ.

ಇಂಥದ್ದು ಇನ್ನೊಂದು ಊರಿನಲ್ಲಿ ಆಗಬಾರದು.

ಮೊದಲು ಗಾಡಿ, ಆಮೇಲೆ ಪ್ರಚಾರ. ನೂರಕ್ಕಿಂತ ಹೆಚ್ಚು ಜನ ಸೇರುವುದಾದರೆ ಮೂರು ಕೆಲಸದ ದಿನ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಬೇಕೆಂದು ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಹೇಳಿವೆ. ಭಾನುವಾರದ ಕೆಲಸಕ್ಕೆ ಮಂಗಳವಾರವೇ ಪತ್ರ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅಲ್ಲಿನ ಆರೋಗ್ಯ ನಿರೀಕ್ಷಕರನ್ನು ಕಂಡು, ಭಾನುವಾರ ಗಾಡಿ ಬರುತ್ತದೆಯೇ, ಎಷ್ಟು ಹೊತ್ತಿಗೆ, ಹಸಿಕಸ ಒಣಕಸ ಬೇರೆ ಬೇರೆ ಮಾಡಿಕೊಡಬೇಕೇ ಎಂದು ಕೇಳಿ. ಗಾಡಿ ಖಚಿತವಾಗುವವರೆಗೆ ಪೋಸ್ಟರ್ ಹೊರಗೆ ಹೋಗಕೂಡದು.

ಪೋಸ್ಟರಿನಲ್ಲಿ ವಾರ, ತಾರೀಖು, ತಿಂಗಳು, ಇಸವಿ ನಾಲ್ಕೂ ಇರಲಿ. ‘ನಾಳೆ’, ‘ಈ ಭಾನುವಾರ’ ಬೇಡವೇ ಬೇಡ. ಶುರುವಾಗುವ ಹೊತ್ತಿನ ಜತೆಗೆ ಮುಗಿಯುವ ಹೊತ್ತನ್ನೂ ಬರೆಯಿರಿ. ಬರೀ ಕೆರೆಯ ಹೆಸರು ಸಾಲದು. ‘ಕೋಡಿ ಕಡೆಯ ಗೇಟು, ಆಲದ ಮರದ ಹತ್ತಿರ’ ಎಂಬಷ್ಟು ನಿಖರತೆ ಬೇಕು, ಇಲ್ಲವಾದರೆ ಅರ್ಧ ಜನ ಏರಿಯ ಆ ತುದಿಯಲ್ಲಿ ನಿಂತು ಫೋನ್ ಮಾಡುತ್ತಾರೆ.

ಒಮ್ಮೆ ಫಾರ್ವರ್ಡ್ ಆದ ಚಿತ್ರ ಕೈತಪ್ಪಿದಂತೆಯೇ. ‘ಎಲ್ಲರಿಗೂ ಅಳಿಸು’ ಒತ್ತಿದರೆ ನೀವು ಹಾಕಿದ ಗುಂಪಿನಲ್ಲಿ ಮಾತ್ರ ಅಳಿಯುತ್ತದೆ, ಮುಂದೆ ಹೋದ ಪ್ರತಿಗಳು ಹಾಗೇ ಇರುತ್ತವೆ. ಹಾಗಾಗಿ ಬದಲಾಗಬಹುದಾದ ವಿವರಗಳನ್ನೆಲ್ಲ ನೋಂದಣಿಯ ಗೂಗಲ್ ಫಾರ್ಮ್‌ನಲ್ಲಿಟ್ಟು, ಅದರ ಲಿಂಕನ್ನು ಹಂಚಿ. ಬರೀ ಕ್ಯೂಆರ್ ಕೋಡ್ ಹಾಕಬೇಡಿ: ಪೋಸ್ಟರ್ ಫೋನಿನಲ್ಲೇ ಇರುವಾಗ ಅದೇ ಫೋನಿನಿಂದ ಸ್ಕ್ಯಾನ್ ಮಾಡುವುದು ಎಷ್ಟೋ ಹಿರಿಯರಿಗೆ ತಿಳಿಯುವುದಿಲ್ಲ. ಫಾರ್ಮ್‌ನಲ್ಲಿ ‘ಒಂದೇ ಉತ್ತರ’ ಎಂಬ ಮಿತಿ ಇಟ್ಟರೆ ಗೂಗಲ್ ಲಾಗಿನ್ ಕೇಳುತ್ತದೆ, ಜನ ಅಲ್ಲಿಂದಲೇ ವಾಪಸಾಗುತ್ತಾರೆ. ನೋಂದಣಿ ಎಂಬತ್ತಕ್ಕೆ ಬಂದಾಗ ಫಾರ್ಮ್ ಮುಚ್ಚಿ, ಉಳಿದವರನ್ನು ಮುಂದಿನ ತಿಂಗಳಿಗೆ ಕರೆಯಿರಿ. ಇನ್‌ಸ್ಟಾಗ್ರಾಂನಲ್ಲಿ ಚಿತ್ರದ ಕೆಳಗೆ ಬರೆದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ, ಅದನ್ನು ಬಯೋದಲ್ಲಿ, ಅಂದರೆ ಖಾತೆಯ ಪರಿಚಯದ ಸಾಲಿನಲ್ಲಿ, ಹಾಕಿ.

ವಾಟ್ಸ್ಆ್ಯಪ್ ಗುಂಪಿನ ಆಹ್ವಾನ ಲಿಂಕನ್ನು ಫೇಸ್‌ಬುಕ್‌ನಲ್ಲಿ ಬಹಿರಂಗವಾಗಿ ಹಾಕಲೇಬೇಡಿ. ಮಾಮೂಲಿ ಗುಂಪಿನಲ್ಲಿ ಪ್ರತಿಯೊಬ್ಬರ ನಂಬರೂ ಎಲ್ಲರಿಗೂ ಕಾಣುತ್ತದೆ. ಕೆಲಸ ಕೊಡಿಸುವ, ಸಾಲ ಕೊಡಿಸುವ ವಂಚಕರು ನುಸುಳುವುದು ಇಲ್ಲಿಂದಲೇ. ಕಾಲೇಜು ಹುಡುಗಿಯರು ನಿಮ್ಮನ್ನು ನಂಬಿ ನಂಬರ್ ಕೊಟ್ಟಿರುತ್ತಾರೆ. ಅದರ ಬದಲು ವಾಟ್ಸ್ಆ್ಯಪ್ಪಿನಲ್ಲೇ ಇರುವ ಕಮ್ಯೂನಿಟಿಯ ಪ್ರಕಟಣೆ ಗುಂಪು ಅಥವಾ ಚಾನೆಲ್ ಮಾಡಿದರೆ ಸದಸ್ಯರ ನಂಬರ್ ಒಬ್ಬರಿಗೊಬ್ಬರಿಗೆ ಕಾಣುವುದಿಲ್ಲ.

ಪತ್ರಿಕೆಯ ವಿಚಾರಕ್ಕೆ ಬಂದರೆ, ಲೆಟರ್‌ಹೆಡ್‌ನ ಫೋಟೊ ಕಳಿಸುವುದೇ ಎಲ್ಲರ ತಪ್ಪು. ವರದಿಗಾರರು ಅದನ್ನು ಮತ್ತೆ ಟೈಪ್ ಮಾಡಬೇಕು, ಅಲ್ಲೇ 7 ಹೋಗಿ 9 ಆಗುತ್ತದೆ. ಇಮೇಲ್‌ನಲ್ಲೇ ಯೂನಿಕೋಡ್ ಕನ್ನಡದಲ್ಲಿ (ಯಾವ ಫೋನು, ಕಂಪ್ಯೂಟರಿನಲ್ಲೂ ಓದಲು ಬರುವ ಅಕ್ಷರ) ಎಂಟು ಹತ್ತು ಸಾಲು ಬರೆದು, ಎರಡು ದಿನ ಮುಂಚೆ ಕಳಿಸಿ. ಹಿಂದಿನ ಸಲದ ಫೋಟೊ ಇದ್ದರೆ ಕ್ಯಾಮೆರಾದಿಂದ ಬಂದ ಮೂಲ ಕಡತವನ್ನೇ ಕೊಡಿ. ವಾಟ್ಸ್ಆ್ಯಪ್‌ನಲ್ಲಿ ಸುತ್ತಿ ಬಂದದ್ದು ಅಚ್ಚಿನಲ್ಲಿ ಮಸುಕಾಗುತ್ತದೆ. ಸಮುದಾಯ ಬಾನುಲಿ ಇರುವ ಊರುಗಳಲ್ಲಿ ಅವರನ್ನು ಮರೆಯಬೇಡಿ, ಉದಾಹರಣೆಗೆ ಮಂಗಳೂರಿನ ರೇಡಿಯೊ ಸಾರಂಗ್. ಫೋನಿನಲ್ಲಿ ಪೋಸ್ಟರ್ ನೋಡದ ಜನ ಅಲ್ಲಿ ಸಿಗುತ್ತಾರೆ.

ಫ್ಲೆಕ್ಸ್ ಕಟ್ಟಬೇಡಿ. 2016ರಲ್ಲಿ ಕರ್ನಾಟಕ ನಿಷೇಧಿಸಿದ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಅದೂ ಇದೆ. ಅನುಮತಿಯಿಲ್ಲದೆ ಕಂಬಗಳಿಗೆ ಕಾಗದ ಅಂಟಿಸುವುದನ್ನೂ, ತೆರೆದ ಸ್ಥಳಗಳ ಅಂದಗೆಡಿಸಬಾರದೆಂಬ 1981ರ ರಾಜ್ಯ ಕಾಯ್ದೆ ತಡೆಯುತ್ತದೆ. ಕಿರಾಣಿ ಅಂಗಡಿಯವರನ್ನು ಕೇಳಿ ಒಳಗೋಡೆಗೆ ಒಂದು ಹಾಳೆ ಹಚ್ಚಿದರೆ ಸಾಕು.

ಏನು ತರಬೇಕೆಂಬುದನ್ನೂ ಪೋಸ್ಟರ್ ಹೇಳಬೇಕು: ಮುಚ್ಚಿದ ಶೂ, ನೀರಿನ ಬಾಟಲಿ, ರಬ್ಬರ್ ಲೇಪದ ದಪ್ಪ ಗ್ಲೌಸ್. ಆಸ್ಪತ್ರೆಯ ತೆಳು ಗ್ಲೌಸ್ ಒಡೆದ ಬಾಟಲಿಗೆ ತಡೆಯುವುದಿಲ್ಲ. ಸೂಜಿ, ಸಿರಿಂಜ್ ಕಂಡರೆ ಮುಟ್ಟದೆ ಕರೆಯಿರಿ ಎಂಬ ಸಾಲು ದಪ್ಪ ಅಕ್ಷರದಲ್ಲಿರಲಿ.

ಮುಗಿದ ದಿನವೇ, ಪೋಸ್ಟರ್ ಹೋದ ಪ್ರತಿ ಗುಂಪಿಗೂ ‘ಈ ಶ್ರಮದಾನ ಮುಗಿದಿದೆ’ ಎಂಬ ಸಂದೇಶ ಹಾಕಿ. ಜತೆಗೆ ಮೂಟೆಗಳು ಗಾಡಿಗೆ ಏರಿದ ಫೋಟೊ ಇರಲಿ.