ಅರಸನು ಮಗಳಿಗೆ ಕೇಳಿದ ತೆರ: ‘ಬೆರೆನ್ ಅಂಡ್ ಲೂಥಿಯೆನ್’

2017ರಲ್ಲಿ ಹಾರ್ಪರ್‌ಕಾಲಿನ್ಸ್ ಹೊರತಂದ ‘ಬೆರೆನ್ ಅಂಡ್ ಲೂಥಿಯೆನ್’ ಪುಸ್ತಕವನ್ನು ಕಾದಂಬರಿಯೆಂದು ನಂಬಿ ಕೊಂಡವರಿಗೆ ಸ್ವಲ್ಪ ಗೊಂದಲವಾಗುವುದು ಸಹಜ. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಜೆ. ಆರ್. ಆರ್. ಟೋಲ್ಕಿನ್ ಈ ಕಥೆಯನ್ನು 1917ರಿಂದ ಆರಂಭಿಸಿ ದಶಕಗಳ ಕಾಲ ಗದ್ಯದಲ್ಲಿಯೂ ಪದ್ಯದಲ್ಲಿಯೂ ಮತ್ತೆ ಮತ್ತೆ ಬರೆದರು. ಆ ರೂಪಗಳಲ್ಲಿ ಅತಿ ದೀರ್ಘವಾದದ್ದು ಅಪೂರ್ಣವಾಗಿಯೇ ಉಳಿಯಿತು. ಅವರ ಮಗ ಕ್ರಿಸ್ಟೋಫರ್, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಆ ಬರಹಗಳನ್ನು ಒಂದರ ಪಕ್ಕ ಒಂದಿಟ್ಟು, ನಡುನಡುವೆ ವಿವರಣೆ ಬರೆದು ಈ ಸಂಪುಟವನ್ನು ಕಟ್ಟಿದ್ದಾರೆ. ಒಂದು ಕಥೆ ಹೇಗೆ ಬೆಳೆಯಿತು ಎಂಬುದೇ ಇಲ್ಲಿನ ವಸ್ತು.

ಕಥೆಯ ತಿರುಳು ಸರಳವಾಗಿದೆ. ಮನುಷ್ಯರನ್ನೇ ಹೋಲುವ ಎಲ್ಫ್ ಎಂಬ ಕಾಲ್ಪನಿಕ ಜನಾಂಗದ ರಾಜ್ಯವಾದ ಡೋರಿಯಾತ್‌ನ ಅರಸ ಥಿಂಗೋಲ್. ಅವನ ಮಗಳು ಲೂಥಿಯೆನ್. ಮನೆಮಾರು ಕಳೆದುಕೊಂಡು ಕಾಡು ಸೇರಿದ ಬೆರೆನ್ ಎಂಬ ಮನುಷ್ಯನು ಅವಳು ನರ್ತಿಸುವುದನ್ನು ಕಂಡು ಮನಸೋಲುತ್ತಾನೆ, ಅವಳೂ ಅವನನ್ನು ಒಲಿಯುತ್ತಾಳೆ. ಅವನನ್ನು ಕೊಲ್ಲುವುದಿಲ್ಲ, ಸೆರೆಯಲ್ಲಿಡುವುದೂ ಇಲ್ಲ ಎಂದು ಮಗಳಿಗೆ ಮಾತು ಕೊಟ್ಟುಬಿಟ್ಟಿದ್ದ ಅರಸನು, ಆಣೆ ಮುರಿಯದೆಯೇ ಅವನನ್ನು ಸಾವಿನ ಬಾಯಿಗೆ ಕಳುಹಿಸುವ ಉಪಾಯ ಹೂಡುತ್ತಾನೆ: ದುಷ್ಟಶಕ್ತಿಯ ಒಡೆಯ ಮೋರ್ಗೋತ್‌ನ ಕಬ್ಬಿಣದ ಕಿರೀಟದಲ್ಲಿರುವ ಸಿಲ್ಮರಿಲ್ ರತ್ನಗಳಲ್ಲಿ ಒಂದನ್ನು ಮಗಳ ತೆರವಾಗಿ ತರಬೇಕು ಎಂದು ಕೇಳುತ್ತಾನೆ.

ಪುಸ್ತಕದ ನಿಜವಾದ ಸೊಗಸು ಅರಸನ ಈ ವಿರೋಧದ ಕಾರಣ ರೂಪದಿಂದ ರೂಪಕ್ಕೆ ಬದಲಾಗುವುದನ್ನು ನೋಡುವುದರಲ್ಲಿದೆ. ಇಲ್ಲಿ ಅಚ್ಚಾಗಿರುವ ಮೊದಲ ರೂಪದಲ್ಲಿ ಬೆರೆನ್ ಮನುಷ್ಯನೇ ಅಲ್ಲ, ಬೇರೊಂದು ಕುಲದ ಎಲ್ಫ್. ಆ ಕುಲದ ಮೇಲೆ ಅರಸನಿಗಿದ್ದ ಅಪನಂಬಿಕೆಯೇ ಅಡ್ಡಿಯಾಗುತ್ತದೆ, ರತ್ನದ ಬೇಡಿಕೆಯೂ ಅರ್ಧ ತಮಾಷೆಯಾಗಿಯೇ ಹೊರಡುತ್ತದೆ. ಮುಂದಿನ ರೂಪಗಳಲ್ಲಿ ಬೆರೆನ್ ಸಾಯುವ ಮನುಷ್ಯನಾದೊಡನೆ ಇಡೀ ಕಥೆಗೆ ತೂಕ ಬರುತ್ತದೆ. ಎಲ್ಫ್‌ಗಳಿಗೆ ಮುಪ್ಪಿನಿಂದ ಸಾವಿಲ್ಲ. ಮನುಷ್ಯರು ಸತ್ತ ಮೇಲೆ ಲೋಕವನ್ನೇ ಬಿಟ್ಟುಹೋಗುತ್ತಾರೆ. ಆದ್ದರಿಂದ ಇಂಥ ಮದುವೆ ಎಂದರೆ ಕೊನೆಯಿಲ್ಲದ ಅಗಲಿಕೆ. ತಂದೆಯ ಅಹಂಕಾರಕ್ಕೆ ಇಲ್ಲಿ ಒಂದು ನ್ಯಾಯವಾದ ಭಯವೂ ಸೇರಿಕೊಳ್ಳುತ್ತದೆ, ಓದುಗನಿಗೆ ಅವನನ್ನು ಸುಮ್ಮನೆ ದ್ವೇಷಿಸಲು ಆಗುವುದಿಲ್ಲ. ಎಲ್ಫ್ ರಾಜಕುಮಾರಿಯರ ಪ್ರೇಮವನ್ನು ಹೇಳುವ ಇತ್ತೀಚಿನ ಎಷ್ಟೋ ಕಾದಂಬರಿಗಳು ಸೋಲುವುದು ಇಲ್ಲಿಯೇ: ಅಲ್ಲಿ ಅಡ್ಡಿ ಅಂತಸ್ತಿನದಷ್ಟೇ ಆಗಿರುತ್ತದೆ.

ಲೂಥಿಯೆನ್ ಕಾಯುತ್ತ ಕೂರುವವಳಲ್ಲ. ಬೀಚ್ ಮರದ ಮೇಲಿನ ಮನೆಯಲ್ಲಿ ತಂದೆ ಅವಳನ್ನು ಕೂಡಿಹಾಕಿದಾಗ, ಲೋಕದ ಉದ್ದನೆಯ ವಸ್ತುಗಳನ್ನೆಲ್ಲ ಹೆಸರಿಸಿ ಹಾಡುತ್ತ ತನ್ನ ಕೂದಲನ್ನು ಬೆಳೆಸಿ, ಅದರಿಂದಲೇ ನಿದ್ದೆ ತರಿಸುವ ನಿಲುವಂಗಿಯನ್ನೂ ಹಗ್ಗವನ್ನೂ ನೇಯ್ದು ತಪ್ಪಿಸಿಕೊಳ್ಳುತ್ತಾಳೆ. ಮೋರ್ಗೋತ್‌ನನ್ನು ಮಲಗಿಸುವುದೂ ಅವಳ ಹಾಡೇ. ಕೊನೆಗೆ, ಸತ್ತವರನ್ನು ಕಾಯುವ ಮಾಂಡೋಸ್‌ನ ಮುಂದೆ ಹಾಡಿ ಗಂಡನನ್ನು ಮರಳಿ ಪಡೆಯುತ್ತಾಳೆ. ನಮ್ಮ ಓದುಗರಿಗೆ ಸಾವಿತ್ರಿ ನೆನಪಾಗದಿರಳು; ಆದರೆ ಸಾವಿತ್ರಿ ಯಮನಿಂದ ಗಂಡನ ಆಯುಸ್ಸನ್ನು ಗೆದ್ದರೆ, ಲೂಥಿಯೆನ್ ತನ್ನ ಅಮರತ್ವವನ್ನೇ ಬಿಟ್ಟುಕೊಟ್ಟು ಗಂಡನ ಸಾವಿನಲ್ಲಿ ಪಾಲು ಪಡೆಯುತ್ತಾಳೆ. ಯಾರ್ಕ್‌ಷೈರ್‌ನ ರೂಸ್ ಬಳಿಯ ಕಾಡಿನಲ್ಲಿ ಹೆಂಡತಿ ಈಡಿತ್ ನರ್ತಿಸಿದ್ದೇ ಟೋಲ್ಕಿನ್‌ಗೆ ಈ ಪಾತ್ರದ ಹುಟ್ಟು. ಆಕ್ಸ್‌ಫರ್ಡ್‌ನಲ್ಲಿ ಇಬ್ಬರ ಸಮಾಧಿಯ ಮೇಲೂ ಬೆರೆನ್, ಲೂಥಿಯೆನ್ ಎಂಬ ಈ ಹೆಸರುಗಳಿವೆ.

ಕೊರತೆಗಳು ಸಣ್ಣವಲ್ಲ. ಹೆಸರುಗಳು ರೂಪದಿಂದ ರೂಪಕ್ಕೆ ಬದಲಾಗುತ್ತವೆ: ಟಿನ್‌ವೆಲಿಂಟ್ ಎಂಬ ಅರಸನೇ ಥಿಂಗೋಲ್, ಮೆಲ್ಕೋ ಎಂಬವನೇ ಮೋರ್ಗೋತ್. ಕೊನೆಯಲ್ಲಿರುವ ಹೆಸರುಗಳ ಪಟ್ಟಿಗೆ ಬೆರಳಿಟ್ಟುಕೊಂಡೇ ಓದಬೇಕಾಗುತ್ತದೆ. 1925ರಿಂದ 1931ರವರೆಗೆ ಬರೆದ, 4,000 ಸಾಲಿಗೂ ಮೀರಿದ ಕಥನಕಾವ್ಯವು ತೋಳ ಕಾರ್ಖರೋತ್ ರತ್ನದ ಸಮೇತ ಬೆರೆನ್‌ನ ಕೈಯನ್ನು ಕಚ್ಚಿ ತುಂಡರಿಸುವಲ್ಲಿ ನಿಂತುಬಿಡುತ್ತದೆ; ಮುಂದಿನದನ್ನು ಗದ್ಯದ ಸಂಕ್ಷಿಪ್ತ ರೂಪದಲ್ಲಿ ಓದಬೇಕು. ಟೋಲ್ಕಿನ್‌ರ ಕರಡುಗಳನ್ನು ಕ್ರಿಸ್ಟೋಫರ್ ಸಂಪಾದಿಸಿದ ‘ದಿ ಹಿಸ್ಟರಿ ಆಫ್ ಮಿಡ್ಲ್-ಅರ್ತ್’ನ ಹನ್ನೆರಡು ಸಂಪುಟಗಳನ್ನು ಕೊಂಡಿರುವವರಿಗೆ ಇಲ್ಲಿ ಹೊಸ ಪಠ್ಯ ಹೆಚ್ಚೇನೂ ಸಿಗದು, ಅಲನ್ ಲೀ ಅವರ ವರ್ಣಚಿತ್ರಗಳಿಗಾಗಿ ಬೇಕಾದರೆ ಕೊಳ್ಳಬಹುದು.

ಹೊಸ ಓದುಗರು ಮೊದಲು ಟೋಲ್ಕಿನ್‌ರ ಪುರಾಣಕಥೆಗಳ ಸಂಕಲನವಾದ ‘ದಿ ಸಿಲ್ಮರಿಲಿಯನ್’ನ 19ನೆಯ ಅಧ್ಯಾಯವನ್ನು ಓದಿ ಕಥೆಯ ಪೂರ್ಣರೂಪವನ್ನು ತಿಳಿದುಕೊಂಡು ಇದಕ್ಕೆ ಬರುವುದು ಒಳ್ಳೆಯದು. ಆಮೇಲೆ ಇಲ್ಲಿನ ಮೊದಲ ಕಥೆಯನ್ನು ಓದಿದರೆ, ಮುಂದೆ ಮೋರ್ಗೋತ್‌ನ ಸೇವಕ ಸೌರಾನ್ ಬಂದು ನಿಲ್ಲುವ ಜಾಗದಲ್ಲಿ ಬೆಕ್ಕುಗಳ ದೊರೆ ಟೆವಿಲ್ಡೊ ಇರುವುದನ್ನೂ, ವೀರ ಬೆರೆನ್ ಆ ಬೆಕ್ಕಿನ ಅಡುಗೆಮನೆಯಲ್ಲಿ ಆಳಾಗಿ ದುಡಿಯುವುದನ್ನೂ ಕಂಡು ನಗು ಬಾರದೆ ಇರದು.