ಫಾರ್ಮ್ಯಾಟ್‌ಗೆ ಹೂಂ ಅನ್ನುವ ಮುಂಚೆ ಆ ಗುಂಡು ಸೆಲ್ ನೋಡಿ

ವಿಜಯಪುರದ ನಮ್ಮ ಮನೆಯಲ್ಲಿ ವಿಂಡೋಸ್ 7 ಇರುವ ಹಳೇ ಕಂಪ್ಯೂಟರ್ ಇದೆ. ಕಳೆದ ತಿಂಗಳು ಒಂದು ಬೆಳಿಗ್ಗೆ ಸ್ವಿಚ್ ಹಾಕಿದರೆ ಕಪ್ಪು ಪರದೆ, ‘ಸಿಮಾಸ್ ಚೆಕ್‌ಸಮ್ ಎರರ್’ (ಬೋರ್ಡು ಉಳಿಸಿಟ್ಟ ಸೆಟ್ಟಿಂಗ್ ಕೆಟ್ಟಿದೆ ಅಂತ ಅರ್ಥ), ಕೆಳಗೆ ಎಫ್1 ಒತ್ತಿ ಅಂತ ಸೂಚನೆ. ಒತ್ತಿದೆ. ವಿಂಡೋಸ್ ಚಿತ್ರ ಬಂತು, ನೀಲಿ ಪರದೆ ಮಿಂಚಿತು, ಮತ್ತೆ ಮೊದಲಿಂದ ಶುರು. ಸೆಟಪ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮುಂಚೆ ತೆರೆಯುವ ಸೆಟ್ಟಿಂಗ್ ಪರದೆಯಲ್ಲಿ, ತಾರೀಖು 2009 ಅಂತ ತೋರಿಸುತ್ತಿತ್ತು. ಸುಳಿವು ಅಲ್ಲೇ ಇತ್ತು, ನಾನು ಗಮನಿಸಲಿಲ್ಲ.

ಗಾಡಿ ಹಿಂದೆ ಕಟ್ಟಿಕೊಂಡು ಅಂಗಡಿಗೆ ಒಯ್ದೆ. ಹುಡುಗ ಡಬ್ಬಿಯ ಮುಚ್ಚಳ ಕೂಡ ತೆಗೆಯಲಿಲ್ಲ. “ವಿಂಡೋಸ್ ಹೋಗೇತ್ರಿ, ಫಾರ್ಮ್ಯಾಟ್ ಹೊಡೀಬೇಕು. ಸಿ ಡ್ರೈವ್ ಅಷ್ಟ, ಉಳಿದಿದ್ದಕ್ಕ ಏನೂ ಆಗಂಗಿಲ್ರಿ” ಅಂದ. ನಾನೂ ಹೂಂ ಅಂದೆ. 500 ರೂಪಾಯಿ ಕೊಟ್ಟು ಮನೆಗೆ ತಂದು ನೋಡಿದರೆ ಎಲ್ಲ ಡ್ರೈವ್ ಖಾಲಿ. ಅಕ್ಕನ ಮದುವೆ ಫೋಟೊ, ಅಪ್ಪ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದ ಲಗ್ನಪತ್ರಿಕೆಗಳು, ಎಲ್ಲಾ ಹೋಗಿತ್ತು.

ಮರುದಿನ ಬೆಳಿಗ್ಗೆ ಮತ್ತೆ ಅದೇ ಎಫ್1, ಅದೇ 2009!

ವೈರಿಂಗ್ ಕೆಲಸ ಮಾಡುವ ಕಾಕಾ ಬಂದು ಮದರ್‌ಬೋರ್ಡಿನ ಗುಂಡು ಸೆಲ್‌ಗೆ ಮೀಟರ್ ಹಚ್ಚಿದರು. 3 ವೋಲ್ಟ್ ಇರಬೇಕಾದಲ್ಲಿ 2.1 ಇತ್ತು. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು, ಸೆಟ್ಟಿಂಗ್ ಉಳಿಸುವುದು ಈ ಸೆಲ್. ಗೋಡೆಯ ಸ್ವಿಚ್ ಆನ್ ಇದ್ದರೆ ಬೋರ್ಡಿಗೆ ಕರೆಂಟ್ ಸಿಗುತ್ತದೆ, ಸೆಲ್ ಸತ್ತದ್ದು ಗೊತ್ತಾಗುವುದಿಲ್ಲ. ನಾವು ರಾತ್ರಿ ಸ್ವಿಚ್ ತೆಗೆಯುತ್ತೇವೆ, ಕರೆಂಟ್ ಹೋಗುವುದಂತೂ ಇದ್ದೇ ಇದೆ. ಹಾಗಾಗಿ ಸೆಟ್ಟಿಂಗ್ ಅಳಿಸಿ, ಡಿಸ್ಕಿನ ಸಾಟಾ ಮೋಡ್ (ಬೋರ್ಡು ಡಿಸ್ಕಿನ ಜೊತೆ ಮಾತಾಡುವ ರೀತಿ) ಎಎಚ್‌ಸಿಐ ಇದ್ದದ್ದು ಐಡಿಇ ಆಗಿತ್ತು. ಅದಕ್ಕೇ ವಿಂಡೋಸ್ ಬಿದ್ದದ್ದು. ವಾಪಸ್ ಬದಲಿಸಿದ್ದರೆ ಎದ್ದು ಕೂರುತ್ತಿತ್ತು, ಫೈಲ್‌ಗಳೂ ಉಳಿಯುತ್ತಿದ್ದವು. ಹೊಸ ಸೆಲ್‌ಗೆ ಕೊಟ್ಟದ್ದು 40 ರೂಪಾಯಿ.

ಸಿಆರ್ 2032 ಅಂತ ಕೇಳಿ. 20 ಮಿಲಿಮೀಟರ್ ಅಗಲ, 3.2 ದಪ್ಪ, ಹೆಸರಿನಲ್ಲೇ ಅಳತೆ ಇದೆ. ಪ್ಲಗ್ ಕಿತ್ತು, ಪಕ್ಕದ ಕ್ಲಿಪ್ ಒತ್ತಿದರೆ ಹಳೆಯದು ಹೊರಗೆ ಬರುತ್ತದೆ. ನಮ್ಮದರಲ್ಲಿ ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿದೆವು. ಆಮೇಲೆ ಸೆಟಪ್‌ಗೆ ಹೋಗಿ ತಾರೀಖು, ಸಾಟಾ ಮೋಡ್ ಎರಡನ್ನೂ ನೋಡಿ.

ಅಳಿಸಿದ ಡಿಸ್ಕ್‌ನಿಂದ ಕೆಲವು ಫೋಟೊ ಸಿಕ್ಕವು, ಹೆಸರುಗಳೆಲ್ಲ ಹಾಳಾಗಿ. ಅಪ್ಪನ ಫೈಲ್ ಒಂದೂ ಬರಲಿಲ್ಲ. ಮೇಲೆ ಹೊಸ ವಿಂಡೋಸ್ ಬರೆದಾಗಿತ್ತಲ್ಲ.

ಅಂಗಡಿಗೆ ಒಯ್ಯಲೇಬೇಕಾದರೆ ಮೊದಲು ಹಾರ್ಡ್ ಡಿಸ್ಕ್ ಬಿಚ್ಚಿಡಿ. ಎರಡು ಕೇಬಲ್, ನಾಲ್ಕು ಸ್ಕ್ರೂ, ಅಷ್ಟೇ. ಬೋರ್ಡು, ರ್ಯಾಮ್, ಸೆಲ್ ನೋಡಲು ಅದು ಬೇಕಿಲ್ಲ. “ಡಿಸ್ಕ್ ಎಲ್ಲೈತ್ರಿ?” ಅಂತ ಕೇಳಿದರೆ ಮನ್ಯಾಗ ಐತಿ ಅನ್ನಿ.