ಮೂರು ಮಳೆಗಾಲ ಉಪ್ಪುನೀರು ಕಂಡ ಗೈಡ್ ಸೆಟ್: ಫ್ಯೂಜಿ ಅಲ್ಕೋನೈಟ್

ಗೈಡ್ ಅಂದರೆ ಗಾಳದ ಕೋಲಿನುದ್ದಕ್ಕೂ ದಾರ ಹಾದುಹೋಗಲು ಕಟ್ಟುವ ಬಳೆ. ಎಂಟು ಅಡಿಯ, 15ರಿಂದ 40 ಗ್ರಾಂ ಲೂರ್ (ನಕಲಿ ಎರೆ) ಎಸೆಯುವ ಕಾರ್ಬನ್ ಬ್ಲ್ಯಾಂಕಿಗೆ, ಅಂದರೆ ಬರಿ ಕೋಲಿಗೆ, ಕಟ್ಟಿದ ಸೆಟ್ ಇದು. ಜಪಾನಿನ ಫ್ಯೂಜಿ ಕಂಪನಿಯ ಕೆ ಮಾದರಿಯ ಸ್ಟೀಲ್ ಚೌಕಟ್ಟು, ಅದರೊಳಗೆ ಅಲ್ಕೋನೈಟ್ ಎಂಬ ಸೆರಾಮಿಕ್ ಬಳೆ. 4000 ಸೈಜಿನ ಸ್ಪಿನ್ನಿಂಗ್ ರೀಲ್, 20 ಪೌಂಡ್ ಬ್ರೇಡ್ (ಹೆಣೆದ ದಾರ), ಅದರ ತುದಿಗೆ ಗಂಟು ಹಾಕಿದ 40 ಪೌಂಡ್ ಲೀಡರ್ (ಲೂರಿನ ಕಡೆಯ ದಪ್ಪ ದಾರ). ಬಳಕೆ ಕಾಸರಗೋಡು ಕಡೆಯ ಶಿರಿಯ ಹೊಳೆಯ ಅಳಿವೆಯಲ್ಲಿ, ಚಂದ್ರಗಿರಿ ಹೊಳೆ ಸಮುದ್ರ ಸೇರುವಲ್ಲಿ, ಮಂಜೇಶ್ವರ ಬಂದರಿನ ಕಲ್ಲುಗಳ ಮೇಲೆ. ಮೀನು ಮುಖ್ಯವಾಗಿ ಕೊಕ್ಕರ್, ಕೆಂಬೇರಿ, ಮತ್ತೆ ಮಲಯಾಳದಲ್ಲಿ ಕಾಳಾಂಜಿ ಅನ್ನುವ ಸೀಬಾಸ್.

ಬಳೆಯ ಬಗ್ಗೆ ದೂರಿಲ್ಲ. ಮೂರು ಮಳೆಗಾಲ ಬ್ರೇಡ್ ಉಜ್ಜಿದರೂ ಗೆರೆ ಬಿದ್ದಿಲ್ಲ. ಪರೀಕ್ಷೆ ಸುಲಭ: ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಬಳೆಯೊಳಗೆ ಸುತ್ತ ತಿರುಗಿಸಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಸೀಳು ಇದೆ ಎಂದರ್ಥ, ಬ್ರೇಡ್ ಅಲ್ಲೇ ತುಂಡಾಗುತ್ತದೆ. ಇದೇ ನೀರಿನಲ್ಲಿ ಹೆಸರಿಲ್ಲದ ಅಗ್ಗದ ಸೆಟ್ಟಿನ ಟಿಪ್ ಟಾಪ್ (ಕೋಲಿನ ತುದಿಯ ಗೈಡ್) ಎರಡನೇ ವರ್ಷಕ್ಕೆ ಹತ್ತಿ ಹಿಡಿಯತೊಡಗಿತ್ತು. ಮೊದಲು ಸವೆಯುವುದು ಹೆಚ್ಚಾಗಿ ತುದಿಯೇ, ಏಕೆಂದರೆ ದಾರ ಅತಿ ಹೆಚ್ಚು ಬಾಗುವುದು ಅಲ್ಲಿ. ದುಡ್ಡು ಕಡಿಮೆಯಿದ್ದರೆ ನಡುವಿನ ಗೈಡುಗಳಲ್ಲಿ ಉಳಿಸಿ, ಟಿಪ್ ಟಾಪಿನಲ್ಲಿ ಬೇಡ. ಟೈಟಾನಿಯಂ ಚೌಕಟ್ಟು ಕೊಳ್ಳುವುದಿದ್ದರೂ ತುದಿಗೆ ಮತ್ತು ಅದರ ಹತ್ತಿರದ ಎರಡು ಮೂರು ಗೈಡಿಗೆ ಸಾಕು. ತೂಕ ಗೊತ್ತಾಗುವುದು ಅಲ್ಲಿ ಮಾತ್ರ. ಹಿಡಿಯ ಬಳಿ ಹಾಕಿದರೆ ಪೆಟ್ಟಿಗೆಯ ಮೇಲಿನ ಹೆಸರಿಗೆ ಕೊಟ್ಟ ದುಡ್ಡು.

ಟಿಪ್ ಟಾಪಿಗೆ ಎರಡು ಅಳತೆ. ಬಳೆಯದು ಮಿಲಿಮೀಟರಿನಲ್ಲಿ, ಬ್ಲ್ಯಾಂಕಿನ ತುದಿಗೆ ತೂರಿಸುವ ಕೊಳವೆಯದು ಹಲವೆಡೆ ಇಂಚಿನ 64ನೇ ಒಂದು ಭಾಗದ ಲೆಕ್ಕದಲ್ಲಿ. 5.5 ಎಂದಿದ್ದರೆ 2.18 ಮಿ.ಮೀ., 6 ಎಂದಿದ್ದರೆ 2.38 ಮಿ.ಮೀ. ಬ್ಲ್ಯಾಂಕಿನ ತುದಿಯನ್ನು ವರ್ನಿಯರ್‌ನಲ್ಲಿ ಅಳೆದು, ಅಂಟಿಗೆ ಸುಮಾರು 0.1 ಮಿ.ಮೀ. ಜಾಗ ಬಿಟ್ಟು ಆರಿಸಿ. ಈ ಬ್ಲ್ಯಾಂಕಿನ ತುದಿ 2.1, ಹಾಕಿದ್ದು 5.5. ಸಡಿಲವಾದರೆ ತುದಿಗೆ ಒಂದು ಪದರ ನೂಲು ಸುತ್ತಬಹುದು. ಬಿಗಿಯಾಯಿತೆಂದು ಕಾರ್ಬನ್ ಉಜ್ಜಬೇಡಿ, ಮೊದಲ ದೊಡ್ಡ ಮೀನಿಗೇ ತುದಿ ಮುರಿಯುತ್ತದೆ. ಅಂಟು ಹಾಟ್ ಮೆಲ್ಟ್ (ಕಾಯಿಸಿದರೆ ಕರಗುವ ಅಂಟು) ಆಗಿರಲಿ. ಮುಂದೆ ಬದಲಿಸಬೇಕಾದಾಗ ಕೊಳವೆಗೆ ಮಾತ್ರ ಕೆಲವು ಸೆಕೆಂಡು ಲೈಟರ್ ತೋರಿಸಿ ನೇರಕ್ಕೆ ಎಳೆದರೆ ಬರುತ್ತದೆ. ಎಪಾಕ್ಸಿ ಹಾಕಿದ್ದನ್ನು ಬಿಡಿಸಲು ಬೇಕಾಗುವ ಶಾಖಕ್ಕೆ ಬ್ಲ್ಯಾಂಕೇ ಹಾಳಾಗಬಹುದು. ಸೂಪರ್ ಗ್ಲೂ ಗಾಜಿನಂತೆ ಒಣಗಿ, ಕಲ್ಲಿಗೆ ಒಮ್ಮೆ ತಾಗಿದರೆ ಬಿಟ್ಟುಹೋಗುತ್ತದೆ.

ಇಲ್ಲಿ ಗೈಡುಗಳನ್ನು ಹಾಕಿದ ಕ್ರಮ, ಹಿಡಿಯ ಕಡೆಯಿಂದ, 25, 16, 12, 8, ಆಮೇಲೆ ನಾಲ್ಕು 6, ತುದಿಯ ಬಳೆಯೂ 6. ಅಡಿಗೊಂದು ಗೈಡ್, ಜೊತೆಗೆ ತುದಿ ಎಂಬ ಹಳೆಯ ಲೆಕ್ಕ. ಗೈಡಿನ ನಂಬರ್ ಬಳೆಯ ಹೊರ ಅಳತೆ ಎಂಬುದು ಮರೆಯಬಾರದು, ಒಳಗಿನ ತೂತು ಅದಕ್ಕಿಂತ ಸಾಕಷ್ಟು ಚಿಕ್ಕದು. 6ರ ಬದಲು 4.5 ಹಾಕಿದರೆ ಇನ್ನೂ ಹಗುರ, ನಿಜ. ಆದರೆ 40 ಪೌಂಡ್ ಲೀಡರಿನ ಗಂಟು ಎಸೆಯುವಾಗ ಟಕ್ ಟಕ್ ಎಂದು ಬಡಿಯುತ್ತದೆ, ಕೆಲವೇ ದಿನದಲ್ಲಿ ಗಂಟು ಸವೆಯುತ್ತದೆ. ಕೊಳ್ಳುವ ಮೊದಲು ಗಂಟು ಹಾಕಿದ ದಾರವನ್ನೇ ಬಳೆಯಲ್ಲಿ ತೂರಿಸಿ ನೋಡುವುದು ಒಳ್ಳೆಯದು.

ಗೈಡುಗಳ ಜಾಗ ಗುರುತಿಸಲು ಸಿದ್ಧ ಅಳತೆಯ ಪಟ್ಟಿ ನಂಬಬೇಡಿ. ಗೈಡುಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ, ದಾರ ಪೋಣಿಸಿ, ತುದಿಗೆ ತೂಕ ಕೊಟ್ಟು ಬಾಗಿಸಿ. ಬ್ಲ್ಯಾಂಕಿನ ಬಾಗಿಗೂ ದಾರಕ್ಕೂ ಎಲ್ಲಿ ಅಂತರ ಜಾಸ್ತಿ ಕಾಣುತ್ತದೋ ಅಲ್ಲಿಗೆ ಗೈಡ್ ಸರಿಸಿ. ಆಮೇಲೆ ಹಾಗೆಯೇ ಹತ್ತು ಸಲ ಎಸೆಯಿರಿ. ಮೊದಲ ಗೈಡಿಗೆ ದಾರ ಚಟಪಟ ಬಡಿದರೆ ಅದನ್ನು ಒಂದೊಂದು ಇಂಚು ತುದಿಯ ಕಡೆಗೆ ತಳ್ಳಿ ನೋಡಿ.

ಎಡವುವುದು ಹೆಚ್ಚಾಗಿ ಗೈಡಿನ ಕಾಲಿನಲ್ಲಿ, ಅಂದರೆ ನೂಲು ಸುತ್ತಿ ಬ್ಲ್ಯಾಂಕಿಗೆ ಕಟ್ಟುವ ಭಾಗದಲ್ಲಿ. ನೂಲು ಏರಲೆಂದು ಕಾಲಿನ ತುದಿಯನ್ನು ಅರದಿಂದ ಹೆಚ್ಚಾಗಿ ತೆಳು ಮಾಡಬೇಕಾಗುತ್ತದೆ, ಆದರೆ ಅರ ತಾಗಿದಲ್ಲಿ ತುಕ್ಕು ತಡೆಯುವ ಲೇಪ ಹೋಗಿ ಬರಿ ಸ್ಟೀಲ್ ಉಳಿಯುತ್ತದೆ. ಉಪ್ಪುನೀರು ಸುತ್ತಿನ ಕೆಳಗೆ ಇಳಿದು, ಎರಡನೇ ಮಳೆಗಾಲಕ್ಕೆ ನೂಲಿನ ಅಂಚಿನಲ್ಲಿ ಕಂದು ಕಲೆ. ಅದಕ್ಕೆ ಗೈಡನ್ನು ಬೈದು ಪ್ರಯೋಜನವಿಲ್ಲ. ಮೇಲ್ಭಾಗ ಮಾತ್ರ ಅರೆದು, 600 ನಂಬರ್ ಎಮರಿಯಲ್ಲಿ ನುಣುಪು ಮಾಡಿ, ಆ ತುದಿಗೆ ಚೂರು ಎಪಾಕ್ಸಿ ಸವರಿ ಒಣಗಿಸಿ ಆಮೇಲೆ ಸುತ್ತಿದರೆ ಕಲೆ ಬರುವುದಿಲ್ಲ. ಕಾಲಿನ ಅಡಿಯನ್ನು ಉಗುರಿನಿಂದ ಸವರಿ ನೋಡಿ. ಅಲ್ಲಿ ಉಳಿದ ಚೂಪು ಬ್ಲ್ಯಾಂಕನ್ನು ಕೊರೆಯುತ್ತದೆ. ನೂಲು ಎ ಸೈಜಿನ ನೈಲಾನ್ ಸಾಕು, ಅದಕ್ಕಿಂತ ದಪ್ಪದ ಡಿ ಸೈಜು ಕಡಲತೀರದಿಂದ ಎಸೆಯುವ ಭಾರದ ಸರ್ಫ್ ರಾಡಿಗೆ.

ಸುತ್ತಿದ ನೂಲಿನ ಮೇಲಿನ ಎಪಾಕ್ಸಿಯನ್ನು ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಹಚ್ಚಬೇಡಿ. ನಮ್ಮ ಕರಾವಳಿಯ ಆ ತೇವಕ್ಕೆ ಮೇಲ್ಮೈ ಮಂಜಾಗಿ ಅಂಟಂಟಾಗುತ್ತದೆ. ಡಿಸೆಂಬರ್, ಜನವರಿ ಒಳ್ಳೆಯದು. ಎಪಾಕ್ಸಿಯ ರೆಸಿನ್, ಹಾರ್ಡನರ್ ಎರಡನ್ನೂ ಬೇರೆ ಬೇರೆ ಸಿರಿಂಜಿನಲ್ಲಿ ತಲಾ 3 ಸಿಸಿ ಅಳೆದು, ಸಿರಿಂಜ್ ಅದಲುಬದಲಾಗದಂತೆ ನೋಡಿಕೊಂಡು, ಎರಡು ನಿಮಿಷ ಮೆಲ್ಲಗೆ ಕಲಸಿ. ಒಂದು ದಪ್ಪ ಕೋಟಿಗಿಂತ ಎರಡು ತೆಳು ಕೋಟು ಮೇಲು. ಕೋಲು ನಾಲ್ಕು ಗಂಟೆಯಾದರೂ ತಿರುಗುತ್ತಿರಲಿ, ಇಲ್ಲವಾದರೆ ಹನಿ ಕೆಳಗೆ ಕೂರುತ್ತದೆ.

ಬೈಕಿನಲ್ಲಿ ಒಯ್ಯುವಾಗ ಲೂರಿನ ಕೊಕ್ಕೆಯನ್ನು ಬಳೆಗೆ ಸಿಕ್ಕಿಸುವ ಚಾಳಿ ಬಿಡಬೇಕು. ಸೆರಾಮಿಕ್ ಚಕ್ಕೆ ಏಳುವುದು ಹೆಚ್ಚಾಗಿ ಮೀನಿನಿಂದಲ್ಲ, ಇದರಿಂದ. ಸಿಕ್ಕಿಸುವುದಿದ್ದರೆ ಗೈಡಿನ ಚೌಕಟ್ಟಿಗೆ.